ಮಡಿಕೆಯ ಮಹಿಮೆ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ತಂದೆಯವರು ಬಳಸುತ್ತಿದ್ದ ಜಿಲ್ಲೆಯ ನಕ್ಷೆಯೊಂದಿದೆ. ಅದನ್ನು ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಅವರು ಊರೂರು ತಿರುಗಿದವರು. ಈಚೆಗೆ ಒಂದು ದಿನ ಅದನ್ನು ಬಿಡಿಸಿ ನೋಡಿದೆ. ಅಡ್ಡ ಮಡಿಕೆಯೂ ಉದ್ದ ಮಡಿಕೆಯೂ ಕೂಡುವ ಕಡೆಯಲ್ಲೆಲ್ಲ ಒಂದೊಂದು ತೂತು. ಅಂಥ ಒಂದು ತೂತಿನಲ್ಲಿ ನಮ್ಮ ಊರೇ ಹೊರಟುಹೋಗಿತ್ತು! ಕಾಗದ ಹಳೆಯದಾಯಿತು, ಏನು ಮಾಡುವುದು, ಎಂದು ಸಮಾಧಾನ ಮಾಡಿಕೊಂಡೆ. ಆದರೆ ತಪ್ಪು ಕಾಗದದ್ದಷ್ಟೇ ಅಲ್ಲ, ಮಡಿಕೆಯದೂ ಹೌದೆಂಬುದು ಆಮೇಲೆ ತಿಳಿಯಿತು. ಅದನ್ನು ನನಗೆ ತಿಳಿಸಿಕೊಟ್ಟದ್ದು ಜಪಾನಿನ ಒಬ್ಬ ಎಂಜಿನಿಯರರ ಕಥೆ.

ಕಾಗದವನ್ನು ಕತ್ತರಿಸದೆ, ಅಂಟಿಸದೆ, ಬರಿಯ ಮಡಿಕೆಯಿಂದಲೇ ಕೊಕ್ಕರೆ ಕಪ್ಪೆಗಳನ್ನು ಮಾಡುವ ಜಪಾನೀಯರ ಕಲೆಗೆ ಓರಿಗಾಮಿ ಎಂದು ಹೆಸರು. 1797ರಷ್ಟು ಹಿಂದೆಯೇ ಕ್ಯೋಟೋ ನಗರದಲ್ಲಿ ಕಾಗದದ ಕೊಕ್ಕರೆಗಳನ್ನು ಮಡಿಸುವುದನ್ನು ಕುರಿತು ಒಂದು ಪುಸ್ತಕ ಅಚ್ಚಾಗಿತ್ತು. ಇಂದು ಆಕಾಶಕ್ಕೆ ಹಾರುವ ಯಂತ್ರಗಳಲ್ಲಿಯೂ ಮಡಿಕೆಯ ವಿದ್ಯೆ ಉಂಟು. ಹೀಗಿರುವುದರಿಂದ, ಅಜ್ಜಿಯರ ಕೈಗೆಲಸವನ್ನು ವಿಜ್ಞಾನಿಗಳು ಎತ್ತಿಕೊಂಡು ಆಕಾಶಕ್ಕೆ ಒಯ್ದರು ಎಂದು ಎಲ್ಲರೂ ಹೇಳುವುದುಂಟು. ಕೇಳುವುದಕ್ಕೆ ಸೊಗಸಾದ ಮಾತು. ಆದರೆ ಚರಿತ್ರೆ ಅಷ್ಟು ನೇರವಾಗಿ ನಡೆದು ಬಂದಿಲ್ಲ.

ಅದು ಮೊದಲಾದದ್ದು ಕಲೆಯಿಂದಲ್ಲ, ಮುರಿಯುವ ವಸ್ತುಗಳಿಂದ. ತೆಳು ತಗಡಿನ ಕೊಳವೆಯೊಂದನ್ನು ಮೇಲಿನಿಂದ ಒತ್ತಿದರೆ ಅದು ಒಂದು ಹಂತದವರೆಗೆ ತಡೆದುಕೊಂಡು, ಆಮೇಲೆ ತಟಕ್ಕನೆ ಕುಸಿಯುತ್ತದೆ. ವಿಮಾನ ಕಟ್ಟುವವರಿಗೆ ಇದು ಪ್ರಾಣಾಂತಿಕವಾದ ಪ್ರಶ್ನೆ. ಯೋಶಿಮುರಾ ಎಂಬ ಜಪಾನೀ ವಿದ್ವಾಂಸರು ಈ ಕುಸಿತವನ್ನು ಪರೀಕ್ಷಿಸಿ, ಕೊಳವೆ ಮನಸ್ಸಿಗೆ ಬಂದಂತೆ ನುಗ್ಗಾಗುವುದಿಲ್ಲ, ವಜ್ರದಾಕಾರದ ಕಟ್ಟುಗಳ ಸಾಲಾಗಿ ಅಚ್ಚುಕಟ್ಟಾಗಿ ಮಡಿಚಿಕೊಳ್ಳುತ್ತದೆ ಎಂದು ತೋರಿಸಿದರು. ಅವರ ಲೇಖನವನ್ನು 1955ರಲ್ಲಿ ಅಮೆರಿಕದ ವಿಮಾನ ಸಂಶೋಧನಾ ಸಮಿತಿ ಇಂಗ್ಲಿಷಿನಲ್ಲಿ ಹೊರತಂದಿತು.

ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಆಕಾಶಯಾನದ ಕೆಲಸದಲ್ಲಿದ್ದ ಕೋರ್ಯೋ ಮಿಯುರಾ ಅವರು ಈ ವಿಚಾರವನ್ನು ತಲೆಕೆಳಗುಮಾಡಿ ನೋಡಿದರು. ವಸ್ತು ಕುಸಿದ ಮೇಲೆ ತಾಳುವ ಆಕಾರವನ್ನು ನಾವೇ ಮೊದಲು ಕೊಟ್ಟುಬಿಟ್ಟರೆ? ಅಂಥ ವಜ್ರದ ಕಟ್ಟುಗಳುಳ್ಳ ಚಿಪ್ಪು ಪಕ್ಕದ ಒತ್ತಡಕ್ಕೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆಂದು 1969ರಲ್ಲಿ ಬರೆದರು. ಜಪಾನಿನಲ್ಲಿ ಪಾನೀಯದ ಡಬ್ಬಿಗಳ ಮೇಲೂ ಆ ಕಟ್ಟುಗಳು ಬಂದವು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಕೊಳವೆಯ ಬದಲು ಚಪ್ಪಟೆಯಾದ ಹಾಳೆಯನ್ನು ಎರಡು ದಿಕ್ಕಿನಿಂದಲೂ ಒಟ್ಟಿಗೆ ಒತ್ತಿದರೆ ಅದು ಯಾವ ರೂಪ ತಾಳೀತು? 1970ರ ಸುಮಾರಿಗೆ ಸಿಕ್ಕ ಉತ್ತರವೇ ಇಂದು ಮಿಯುರಾ ಮಡಿಕೆ ಎಂದು ಪ್ರಸಿದ್ಧವಾಗಿದೆ.

ಅದರ ಗುಟ್ಟು ಬಹಳ ಸರಳ. ಹಾಳೆಯನ್ನು ಒಂದು ದಿಕ್ಕಿನಲ್ಲಿ ನೆಟ್ಟಗೆ, ಸೀರೆಯ ನಿರಿಗೆಯಂತೆ ಮಡಿಸುತ್ತೇವೆ. ಇನ್ನೊಂದು ದಿಕ್ಕಿನ ಮಡಿಕೆ ಮಾತ್ರ ನೇರವಾಗಿ ಹೋಗದೆ ಸ್ವಲ್ಪ ಓರೆಯಾಗಿ, ಅಂಕುಡೊಂಕಾಗಿ ಸಾಗುತ್ತದೆ. ಆಗ ಪ್ರತಿಯೊಂದು ತುಂಡೂ ಚೌಕವಾಗುವುದಿಲ್ಲ, ವಾಲಿದ ಚತುರ್ಭುಜವಾಗುತ್ತದೆ. ನಾಲ್ಕು ಮಡಿಕೆಗಳು ಕೂಡುವಲ್ಲಿ ಮೂರು ಉಬ್ಬಾದರೆ ಒಂದು ತಗ್ಗು. ಅಥವಾ ಮೂರು ತಗ್ಗಾದರೆ ಒಂದು ಉಬ್ಬು.

ಇಷ್ಟರಿಂದ ಲಾಭವೇನು? ತಂದೆಯವರ ನಕ್ಷೆಯನ್ನೇ ನೋಡಿ. ಅಲ್ಲಿ ಮಡಿಕೆಗಳು ಲಂಬವಾಗಿ ಕೂಡಿದ್ದರಿಂದ, ಮಡಿಸಿದಾಗ ಮೂಲೆಗಳೆಲ್ಲ ಒಂದರ ಮೇಲೊಂದು ಕರಾರುವಾಕ್ಕಾಗಿ ಕುಳಿತು, ಸವೆತವೆಲ್ಲ ಆ ಒಂದೇ ಜಾಗಕ್ಕೆ ಬೀಳುತ್ತದೆ. ಬಿಡಿಸುವಾಗಲೂ ಮೊದಲು ಈ ಮಡಿಕೆ, ಆಮೇಲೆ ಆ ಮಡಿಕೆ ಎಂಬ ಸರದಿ ತಪ್ಪುವಂತಿಲ್ಲ. ಮಿಯುರಾ ಮಡಿಕೆಯಲ್ಲಿ ಮೂಲೆಗಳು ಸ್ವಲ್ಪ ಸ್ವಲ್ಪವೇ ಸರಿದು ಕೂಡುತ್ತವೆ. ಎದುರುಬದುರಿನ ಎರಡು ತುದಿಗಳನ್ನು ಹಿಡಿದೆಳೆದರೆ ಇಡೀ ಹಾಳೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ; ನೂಕಿದರೆ ಒಮ್ಮೆಗೇ ಮುಚ್ಚಿಕೊಳ್ಳುತ್ತದೆ. ಈ ಚಲನೆಯಲ್ಲಿ ತುಂಡುಗಳು ಸ್ವಲ್ಪವೂ ಬಾಗಬೇಕಾಗಿಲ್ಲ. ಆದ್ದರಿಂದ ಕಾಗದದ ಬದಲು ಗಟ್ಟಿ ಫಲಕಗಳನ್ನು ಕೀಲು ಹಾಕಿ ಜೋಡಿಸಿದರೂ ನಡೆಯುತ್ತದೆ. ಕೈ ಹಾಕಿ ಸರಿಪಡಿಸುವವರು ಯಾರೂ ಇಲ್ಲದ ಆಕಾಶದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕೆ? 1995ರ ಮಾರ್ಚಿಯಲ್ಲಿ ಜಪಾನೀಯರು ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಎಂಬ ಉಪಗ್ರಹದಲ್ಲಿ ಹೀಗೆ ಮಡಿಚಿದ ಹಾಸನ್ನು ಬಿಚ್ಚುವ ಪ್ರಯೋಗ ನಡೆಯಿತು. ಮರುವರ್ಷದ ಜನವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಆ ಉಪಗ್ರಹವನ್ನು ಹಿಡಿದು ಭೂಮಿಗೆ ತಂದಿತು.

ಇಲ್ಲಿಗೇ ಮುಗಿಯಲಿಲ್ಲ. ಬಟ್ಟೆಯನ್ನೋ ರಬ್ಬರನ್ನೋ ಉದ್ದಕ್ಕೆ ಎಳೆದರೆ ಅಗಲ ಕುಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ಮಿಯುರಾ ಹಾಳೆಯನ್ನು ಉದ್ದಕ್ಕೆ ಎಳೆದರೆ ಅಗಲವೂ ಹಿಗ್ಗುತ್ತದೆ! ಈ ಗುಣ ಕಾಗದದ್ದಲ್ಲ, ಉಕ್ಕಿನದಲ್ಲ, ಮಡಿಕೆಯದು. 2014ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದವರ ಬಳಗ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು. ಅಂಥ ಹಾಳೆಯಲ್ಲಿ ಒಂದು ಸಂಧಿಯನ್ನು ಬೆರಳಿನಿಂದ ಒತ್ತಿ ಆ ಕಡೆಗೆ ಹೊರಳಿಸಿದರೆ ಹಾಳೆ ಬಿಗಿಯಾಗುತ್ತದೆ. ಮತ್ತೆ ಈ ಕಡೆಗೆ ಹೊರಳಿಸಿದರೆ ಮೊದಲಿನಂತೆಯೇ ಸಡಿಲ. ವಸ್ತುವಿನ ಗುಣವನ್ನು ಬೇಕೆಂದಾಗ ಬದಲಾಯಿಸಬಹುದು ಎಂದಾಯಿತು. ಹಿಂದಿನವರು ಗಟ್ಟಿ ವಸ್ತು ಬೇಕಾದರೆ ಹೊಸ ಲೋಹವನ್ನು ಹುಡುಕುತ್ತಿದ್ದರು. ಇವರು ಹೊಸ ಮಡಿಕೆಯನ್ನೂ ಹುಡುಕುತ್ತಾರೆ.

ಈ ಕಥೆಯಲ್ಲಿ ನಮ್ಮ ಕಡೆಯ ಒಬ್ಬರಿಗೂ ಸ್ಥಾನವಿದೆ. ಅದನ್ನು ನಾವು ಮರೆತಿರುವುದು ನನಗೆ ಬೇಸರದ ಸಂಗತಿ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರರಾವ್ ಎಂಬ ಸರ್ಕಾರಿ ಅಧಿಕಾರಿಗಳು ಕಾಗದದ ಮಡಿಕೆಯಿಂದ ರೇಖಾಗಣಿತವನ್ನು ಕಲಿಸುವ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಶಿಶುವಿಹಾರದ ಮಕ್ಕಳಿಗೆ ಕೊಡುವ ಬಣ್ಣದ ಕಾಗದಗಳೇ ಅದಕ್ಕೆ ಪ್ರೇರಣೆ. ಜರ್ಮನಿಯ ಮಹಾಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಹೆಸರಿಸಿದ ಮೇಲೆ ಹೊರಗಿನವರ ಕಣ್ಣು ಅದರ ಮೇಲೆ ಬಿದ್ದು, 1901ರಲ್ಲಿ ಷಿಕಾಗೋವಿನಲ್ಲಿ ಮರುಮುದ್ರಣವಾಯಿತು. ಘನಮೂಲವನ್ನು ಮಡಿಕೆಯಿಂದ ಸಾಧಿಸಲಾಗದೆಂಬ ಸೂಚನೆ ಅದರಲ್ಲಿತ್ತು. ಆ ಒಂದು ಮಾತು ಸರಿಯಾಗಿರಲಿಲ್ಲ. 1936ರಲ್ಲಿ ಇಟಲಿಯ ಫೆರಾರಾ ನಗರದ ಪ್ರಾಧ್ಯಾಪಿಕೆ ಮಾರ್ಗರೀಟಾ ಬೆಲೋಕ್, ಎರಡು ಬಿಂದುಗಳನ್ನು ಎರಡು ರೇಖೆಗಳ ಮೇಲೆ ಒಂದೇ ಮಡಿಕೆಯಿಂದ ಕೂಡಿಸಿದರೆ ಅದು ಸಾಧ್ಯವೆಂದು ತೋರಿಸಿದರು. ಕೈವಾರ, ಅಳತೆಗೆರೆಯಿಲ್ಲದ ಪಟ್ಟಿ ಎರಡೂ ಸೇರಿ ಮಾಡಲಾರದ್ದನ್ನು ಒಂದು ಹಾಳೆ ಕಾಗದ ಮಾಡಿತು.

ಅದೇ ಫೆರಾರಾದಲ್ಲಿ 1989ರಲ್ಲಿ ಓರಿಗಾಮಿಯ ವಿಜ್ಞಾನವನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಕುಸಿಯುವ ಕೊಳವೆಯಿಂದ ಹೊರಟ ಮಿಯುರಾ ಅವರ ದಾರಿ, ಗಣಿತಜ್ಞರ ದಾರಿ, ಕೊಕ್ಕರೆ ಮಡಿಸುವವರ ದಾರಿ, ಬೇರೆಬೇರೆಯಾಗಿ ಬಂದು ಅಲ್ಲಿ ಕೂಡಿದವು. ಕಲೆ ವಿಜ್ಞಾನಕ್ಕೆ ತಾಯಿಯಾಗಿರಲಿಲ್ಲ. ನಡುದಾರಿಯಲ್ಲಿ ಸಿಕ್ಕ ಸೋದರಿಯಾಗಿದ್ದಳು ಎನ್ನೋಣ.

ನಾನು ಓದುತ್ತಿದ್ದಾಗ ತರಗತಿಯಲ್ಲಿ ಕಾಗದದ ದೋಣಿ ಮಾಡಿದ್ದಕ್ಕೆ ಬೆಂಚಿನ ಮೇಲೆ ನಿಂತವನು. ಮೊನ್ನೆ ನಕ್ಷೆಯ ಹರಕುಗಳನ್ನು ಹಿಂದಿನಿಂದ ಅಂಟಿಸಿ, ಅದರದೊಂದು ಪ್ರತಿ ಮಾಡಿಸಿ, ಕಳೆದುಹೋದ ಊರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, ಓರೆಯ ಗೆರೆಗಳ ಮೇಲೆ ಮಡಿಸಿದೆ. ಮೂರು ಸಲ ತಪ್ಪಿತು. ನಾಲ್ಕನೆಯ ಸಲಕ್ಕೆ ಮೊಮ್ಮಗಳು ಎರಡು ತುದಿ ಹಿಡಿದೆಳೆದಳು. ಇಡೀ ಜಿಲ್ಲೆ ಒಮ್ಮೆಗೇ ತೆರೆದುಕೊಂಡಿತು. ಓದುಗರ ಮನೆಯಲ್ಲಿ ಕಳೆದ ತಿಂಗಳಿನ ಕ್ಯಾಲೆಂಡರಿನ ಹಾಳೆ ಇದ್ದೇ ಇರುತ್ತದೆ. ಬಿಸಾಡುವ ಮೊದಲು ಒಮ್ಮೆ ಮಡಿಸಿ ನೋಡಬಹುದು.