ಅಂಗಳದ ಎರಡು ತುದಿ

ಪುಣೆಯಲ್ಲಿ ನಮ್ಮ ಮನೆ ಹತ್ತಿರದ ಉದ್ಯಾನಕ್ಕೆ ಸಂಜೆ ಐದೂವರೆಗೆ ಎರಡು ಗುಂಪು ಬರುತ್ತವೆ. ಒಂದು ತುದಿಯಲ್ಲಿ ಜಾರುಬಂಡೆ, ಉಯ್ಯಾಲೆ, ಮಕ್ಕಳು. ಇನ್ನೊಂದು ತುದಿಯಲ್ಲಿ ‘ಜ್ಯೇಷ್ಠ ನಾಗರಿಕ’ರ ಬೆಂಚುಗಳು. ನಡುವೆ ಮೊಣಕಾಲೆತ್ತರದ ಬೇಲಿ. ಧಾರವಾಡದಿಂದ ಬಂದು ಆರು ವರ್ಷ ನಮ್ಮೊಂದಿಗಿದ್ದ ಅವ್ವ ಮೊಮ್ಮಗಳನ್ನು ಆ ಕಡೆ ಬಿಟ್ಟು ಈ ಕಡೆ ಬಂದು ಕೂಡುತ್ತಿದ್ದಳು. ಯಾರ ಸಹವಾಸ ಚಲೋ ಅಂತ ಒಮ್ಮೆ ಕೇಳಿದೆ. “ಸಣ್ಣ ಹುಡುಗರ ಜೋಡಿ ಕೂತರ ಹೊತ್ತು ಹೋಗ್ತದ. ನಮ್ಮಂಥವರ ಜೋಡಿ ಕೂತರ ಹೋದ ಹೊತ್ತು ತಿರುಗಿ ಬರ್ತದ” ಅಂದಳು.

ಹೋದ ವರ್ಷ ಮೊಮ್ಮಗಳು ಒಂದನೇ ಕ್ಲಾಸು ಸೇರಿದಳು. ಅವ್ವ “ಇನ್ನ ನನ್ನ ಕೆಲಸ ಮುಗೀತು” ಅಂದು ಧಾರವಾಡಕ್ಕೆ ಹೊರಟಳು. ಆ ಮಾತು ನನ್ನನ್ನು ಬಿಡಲಿಲ್ಲ. ಕೂಸುಗಳನ್ನೂ ಮುದುಕರನ್ನೂ ಬೇರೆ ಬೇರೆ ತುದಿಯಲ್ಲಿ ಕೂಡಿಸಿ, ಯಾರ ಸಂಗ ಮೇಲು ಅಂತ ಕೇಳುವ ಸ್ಥಿತಿಗೆ ನಾವು ಯಾವಾಗ ಬಂದೆವು?

ಮೊದಲು ನಮ್ಮದೇ ಒಂದು ಭ್ರಮೆಯನ್ನು ಬದಿಗಿಡಬೇಕು. ಹಿಂದಿನ ಕಾಲದಲ್ಲಿ ಪ್ರತಿ ಮನೆಯಲ್ಲೂ ಅಜ್ಜ ಅಜ್ಜಿ, ಅವರ ತೊಡೆಯ ಮೇಲೆ ಮೊಮ್ಮಕ್ಕಳು ಇದ್ದರು ಎಂಬ ಚಿತ್ರ ಪೂರ್ತಿ ನಿಜವಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು 23 ವರ್ಷದ ಆಸುಪಾಸು. ಸ್ವಾತಂತ್ರ್ಯ ಬಂದಾಗ 32. ಹಾಗಂತ ಎಲ್ಲರೂ ಇಪ್ಪತ್ತಮೂರಕ್ಕೇ ಸಾಯುತ್ತಿದ್ದರು ಅಂತಲ್ಲ. ಹುಟ್ಟಿದ ಐದು ಕೂಸುಗಳಲ್ಲಿ ಒಂದಾದರೂ ವರ್ಷ ತುಂಬುವ ಮೊದಲೇ ಹೋಗುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿಳಿದಿತ್ತು. ಬದುಕುಳಿದವರನ್ನೂ ಪ್ಲೇಗು, ಕಾಲರಾ, ಹೆರಿಗೆ ನಡುವಯಸ್ಸಿನಲ್ಲೇ ಒಯ್ಯುತ್ತಿದ್ದವು. ಅಜ್ಜನ ಮುಖವನ್ನೇ ನೋಡದ ಮಕ್ಕಳು ಎಷ್ಟೋ ಮಂದಿ. ಮೊಮ್ಮಕ್ಕಳನ್ನು ಮಣ್ಣು ಮಾಡಿ ಬಂದ ಅಜ್ಜಿಯರೂ ಎಷ್ಟೋ ಮಂದಿ. 1951ರಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಸುಮಾರು 2 ಕೋಟಿ ಇದ್ದರು. 2011ರ ಜನಗಣತಿಗೆ ಅವರು 10 ಕೋಟಿ ಮೀರಿದರು. ಅಜ್ಜಿಯೂ ಮೊಮ್ಮಗಳೂ ವರ್ಷಗಟ್ಟಲೆ ಒಟ್ಟಿಗೆ ಕಳೆಯಬಹುದಾದ ಭಾಗ್ಯ ಇಷ್ಟು ಮನೆಗಳಿಗೆ ಸಿಕ್ಕಿದ್ದು ನಮ್ಮ ಕಾಲದಲ್ಲಿ. ಅದು ಕೈಗೆ ಬರುವ ಹೊತ್ತಿಗೆ ಇಬ್ಬರನ್ನೂ ಬೇರೆ ಮಾಡುವ ವ್ಯವಸ್ಥೆಯೂ ಸಿದ್ಧವಾಗಿತ್ತು.

ಈ ಬೇರ್ಪಡಿಕೆಯ ಒಂದು ಎಳೆ ಮುಂಬಯಿಯ ಗಿರಣಿಗಳಲ್ಲಿ ಸಿಗುತ್ತದೆ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಏಳು ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚಬಾರದು, ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಬೇಡ ಎಂದು ಅದು ಹೇಳಿತು. 1891ರಲ್ಲಿ ಆ ಏಳು ಒಂಬತ್ತಾಯಿತು, 1922ರಲ್ಲಿ ಹನ್ನೆರಡಾಯಿತು, 1948ರಲ್ಲಿ ಹದಿನಾಲ್ಕಾಯಿತು. ಕೂಸು ಯಾರು ಅನ್ನುವುದನ್ನು ಅಲ್ಲಿಯವರೆಗೆ ಮನೆಯವರು ಎತ್ತರ ನೋಡಿ, ಹಲ್ಲು ನೋಡಿ ಹೇಳುತ್ತಿದ್ದರು. ಈಗ ಕಾಯ್ದೆ ಸಂಖ್ಯೆಯಲ್ಲಿ ಹೇಳತೊಡಗಿತು. ಇದು ಒಳ್ಳೆಯದೇ ಆಯಿತು.

ಆದರೆ ಅದೇ ಗಿರಣಿಯ ಚಾಳುಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಕೊಂಕಣದಿಂದ, ಘಟ್ಟದ ಮೇಲಿನಿಂದ ಗಂಡ ಹೆಂಡತಿ ದುಡಿಯಲು ಬಂದರೆ ವಯಸ್ಸಾದವರು ಎಷ್ಟೋ ಸಲ ಊರಲ್ಲೇ ಉಳಿಯುತ್ತಿದ್ದರು. ತಾಯಿ ಗಿರಣಿಗೆ ಹೋದರೆ ಕೂಸು ಯಾರ ಕೈಯಲ್ಲಿ? 1920ರ ದಶಕದ ಆರಂಭದಲ್ಲಿ ಮುಂಬಯಿ ಸರ್ಕಾರಕ್ಕಾಗಿ ಗಿರಣಿ ಹೆಂಗಸರ ಸ್ಥಿತಿಯನ್ನು ಪರಿಶೀಲಿಸಿದ ವೈದ್ಯೆ ಡಾ. ಬಾರ್ನ್ಸ್, ಅವರ ಬಹುತೇಕ ಕೂಸುಗಳಿಗೆ ಅಫೀಮು ಕೊಟ್ಟು ಮಲಗಿಸುತ್ತಿದ್ದುದನ್ನು ದಾಖಲಿಸಿದರು. ಅದರ ಗುಳಿಗೆಗೆ ‘ಬಾಳಾ ಗೋಳಿ’ ಎಂಬ ಮುದ್ದಿನ ಹೆಸರು. ತಾಯಂದಿರು ಕೆಟ್ಟವರಾಗಿರಲಿಲ್ಲ. ಮನೆಯಲ್ಲಿ ಎತ್ತಿಕೊಳ್ಳುವ ಕೈ ಇರಲಿಲ್ಲ, ಅಷ್ಟೆ.

ಮಕ್ಕಳಿಗೆ ಬೇರೆ ಜಾಗ ಬೇಕೆನ್ನುವ ವಿಚಾರ ಬಂದದ್ದು ಪ್ರೀತಿಯಿಂದಲೂ ಹೌದು. ಭಾವನಗರದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದರು. ‘ಮೀಸೆಯ ತಾಯಿ’ ಎಂದು ಜನ ಅವರನ್ನು ಕರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಗೆ ಹೋದರು. ಬಡ ಕೇರಿಯ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ‘ಅಂಗಣವಾಡಿ’ ಎಂಬ ಹೆಸರಿನ ಮೂಲ ಅಲ್ಲಿದೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಅವುಗಳಲ್ಲೊಂದು ನಮ್ಮ ತಿ. ನರಸೀಪುರ. ಹೆಸರಿನಲ್ಲಿ ಅಂಗಳ ಉಳಿಯಿತು. ಆದರೆ ಅದು ಆರು ವರ್ಷದೊಳಗಿನವರ ಮತ್ತು ಅವರ ತಾಯಂದಿರ ಅಂಗಳ. ಅಜ್ಜಿಗೆ ಅಲ್ಲಿ ಲೆಕ್ಕವಿರಲಿಲ್ಲ.

ಹಿರಿಯರಿಗೂ ಸಂಖ್ಯೆ ಬಂತು. ಬ್ರಿಟಿಷರ ಕಾಲದಿಂದ ಸರ್ಕಾರಿ ನೌಕರನ ನಿವೃತ್ತಿ 55ಕ್ಕೆ. ಕೇಂದ್ರ ಅದನ್ನು 1962ರಲ್ಲಿ 58ಕ್ಕೆ, 1998ರಲ್ಲಿ 60ಕ್ಕೆ ಏರಿಸಿತು. ನಮ್ಮ ಪುಣೆಯಲ್ಲೇ 1860ರ ದಶಕದಲ್ಲಿ ಡೇವಿಡ್ ಸಸೂನರ ದಾನದಿಂದ ದಿಕ್ಕಿಲ್ಲದ ಅಶಕ್ತರಿಗೆ ಒಂದು ಆಶ್ರಯಧಾಮ ಎದ್ದಿತು. ಇಂದು ಅದು ‘ನಿವಾರಾ’ ಎಂಬ ವೃದ್ಧಾಶ್ರಮ. ಆಗ ಅದರೊಳಗೆ ಹೋಗಲು ಬೇಕಿದ್ದ ಅರ್ಹತೆ ವಯಸ್ಸಲ್ಲ, ಅಸಹಾಯಕತೆ. ಮಕ್ಕಳಿದ್ದೂ ವೃದ್ಧಾಶ್ರಮ ಸೇರುವುದು ಆಮೇಲಿನ ಕಥೆ. 2007ರಲ್ಲಿ ತಂದೆತಾಯಿಯ ಪಾಲನೆಗೆ ಸಂಸತ್ತು ಕಾಯ್ದೆಯನ್ನೇ ಮಾಡಬೇಕಾಯಿತು.

ಈ ಎರಡು ಸಹವಾಸಗಳು ಒಂದಕ್ಕೊಂದು ಹೊಂದುತ್ತಿದ್ದುದು ಹೇಗೆ? ಇದಕ್ಕೆ ಒಳ್ಳೆಯ ಸಾಕ್ಷಿ ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತ ಅವರು ಕನ್ನಡದ ಜನಪದ ಕಥೆಗಳನ್ನು ಕೂಡಿಹಾಕಿದರು. ಅವರು ಗಮನಿಸಿದ್ದು ಇದು: ಅಜ್ಜಿಯ ಕಥೆಯ ಜಾಗ ಅಡುಗೆಮನೆ, ಸಂದರ್ಭ ಕೈತುತ್ತು. ಮಕ್ಕಳು ಉಣ್ಣಲಿ, ಎಚ್ಚರವಾಗಿರಲಿ ಅಂತ ಕಥೆ.

ಆರು ವರ್ಷ ನಾನು ಮನೆಯಲ್ಲಿ ಕಂಡದ್ದೂ ಅದನ್ನೇ. ನಡುವಯಸ್ಸಿನ ನಮಗೆ ಕೂಸಿನ ನೂರನೇ ‘ಯಾಕೆ’ಯೂ ಬೇಸರ, ಮುದುಕರ ನೂರನೇ ‘ನಮ್ಮ ಕಾಲದಾಗ’ವೂ ಬೇಸರ. ಅವರಿಬ್ಬರಿಗೆ ಮಾತ್ರ ಬೇಸರವಿಲ್ಲ. ಮೊಮ್ಮಗಳು ಅದೇ ಕಥೆ ಬೇಕು ಅನ್ನುತ್ತಾಳೆ, ಒಂದು ಮಾತು ಬಿಟ್ಟರೂ ಹಿಡಿಯುತ್ತಾಳೆ. ಅವ್ವನಿಗೂ ಅದೇ ಕಥೆ ಹೇಳುವುದು ಬೇಕು. ವ್ಯತ್ಯಾಸಗಳೂ ಇವೆ. ಕೂಸು ಬೆಳಗಿನ ಜಗಳವನ್ನು ಮಧ್ಯಾಹ್ನಕ್ಕೆ ಮರೆಯುತ್ತದೆ. ಅವ್ವ ತನ್ನ ಮದುವೆಯ ಬೀಗರೂಟದ ಜಗಳವನ್ನು ಇನ್ನೂ ಮರೆತಿಲ್ಲ. ಕೂಸಿನ ಸಂಗ ನಮ್ಮನ್ನು ದಣಿಸಿ ನಗಿಸುತ್ತದೆ. ಹಿರಿಯರ ಸಂಗ ಮೊದಲು ಕುಗ್ಗಿಸುತ್ತದೆ, ಆಮೇಲೆ ಧೈರ್ಯ ಕೊಡುತ್ತದೆ. ಯಾಕೆಂದರೆ ಮುಂದೆ ನಮಗೆ ಆಗುವುದೆಲ್ಲ ಅಲ್ಲಿ ಕಾಣುತ್ತದೆ, ಆದರೂ ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತು ಅಂತ ಅವರು ತಕರಾರು ಮಾಡುತ್ತಿರುತ್ತಾರೆ.

ಒಂದು ದಿನ ಮಗಳು ‘ನಾವು ಈ ಊರಿನವರಲ್ಲವಂತೆ, ಹೌದಾ?’ ಅಂತ ಶಾಲೆಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. ನಾನು ಉತ್ತರ ಹುಡುಕುತ್ತಿದ್ದೆ. ಅವ್ವ ಕಾಯಲಿಲ್ಲ. “ನಾ ಹುಟ್ಟಿದಾಗ ಧಾರವಾಡ ಮುಂಬಯಿ ಪ್ರಾಂತದಾಗಿತ್ತು. ಈ ಪುಣೆನೂ ಅದರಾಗ. ಐವತ್ತಾರರಾಗ ಗಡಿ ಸರೀತು, ನಾವೇನು ಸರೀಲಿಲ್ಲ” ಅಂದಳು. ನಾನು ಪುಸ್ತಕದಿಂದ ಹೇಳಿದ್ದರೆ ಅದು ಇತಿಹಾಸವಾಗುತ್ತಿತ್ತು. ಅಜ್ಜಿ ಹೇಳಿದ್ದರಿಂದ ಮಗಳಿಗೆ ಅದು ತನ್ನದಾಯಿತು.

ಈಗ ರಾತ್ರಿ ಎಂಟಕ್ಕೆ ಫೋನಿನಲ್ಲಿ ಕಥೆ ನಡೆಯುತ್ತದೆ. ಧಾರವಾಡದಲ್ಲಿ ಅವ್ವ ಹೇಳುತ್ತಾಳೆ, ಇಲ್ಲಿ ತುತ್ತು ಇಡುವ ಕೈ ನನ್ನದು. ಮೊನ್ನೆ ಅವ್ವ ಕಥೆಯ ನಡುವೆ ಒಂದು ಮಾತು ಬಿಟ್ಟಳು. ಮಗಳು ತಿದ್ದಲಿಲ್ಲ, ತಾನೇ ಮೆಲ್ಲಗೆ ಸೇರಿಸಿ ಮುಂದುವರಿಸಿದಳು. ಅವ್ವನ ಕೆಲಸ ಮುಗಿದಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಮಗಳ ಕೆಲಸ ಶುರುವಾಗಿದೆ ಅಂತಲೂ. ದಸರಾ ರಜೆಗೆ ಮೂರು ವಾರ ಅವಳನ್ನು ಧಾರವಾಡಕ್ಕೆ ಕಳಿಸುತ್ತಿದ್ದೇವೆ. ಆ ಮನೆಯ ಅಂಗಳಕ್ಕೆ ನಡುವೆ ಬೇಲಿಯಿಲ್ಲ.