ಬಯಕೆಯ ಸಂಕಟ

ಕನ್ನಡದಲ್ಲಿ ‘ಬಯಕೆ’ ಎಂಬ ಮಾತಿಗೆ ಆಸೆ ಎಂಬ ಅರ್ಥವುಂಟು. ಬಸಿರಿಯ ಓಕರಿಕೆ ಎಂಬ ಅರ್ಥವೂ ಉಂಟು. ‘ಸೊಸೆಗೆ ಬಯಕೆ’ ಎಂದು ಅತ್ತೆಯಾದವಳು ನೆರೆಮನೆಯಲ್ಲಿ ಹೇಳಿದರೆ, ಆ ಹುಡುಗಿ ಮಾವಿನಕಾಯಿ ಕೇಳುತ್ತಿದ್ದಾಳೆಯೋ ಕುಡಿದ ಗಂಜಿಯನ್ನೂ ಕಕ್ಕುತ್ತಿದ್ದಾಳೆಯೋ ಕೇಳಿದವರೇ ಊಹಿಸಬೇಕು. ಇದನ್ನು ಭಾಷೆಯ ಚಮತ್ಕಾರವೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಆದರೆ ವೈದ್ಯದ ಚರಿತ್ರೆಯಲ್ಲಿ ಈ ಸಂಕಟವನ್ನು ಹೆಣ್ಣಿನ ಮನಸ್ಸಿಗೆ ಗಂಟುಹಾಕಿದ್ದರಿಂದ ಆದ ಅನ್ಯಾಯ ಸಣ್ಣದಲ್ಲ.

ನಮ್ಮ ಪ್ರಾಚೀನರು ಹಾಗೆ ಅವಸರಪಡಲಿಲ್ಲ. ಸುಶ್ರುತ ಸಂಹಿತೆ ಗರ್ಭಿಣಿಯ ಲಕ್ಷಣಗಳನ್ನು ಎಣಿಸುವಾಗ, ಬಯಸದೆಯೇ ವಾಂತಿಯಾಗುವುದು, ಒಳ್ಳೆಯ ವಾಸನೆಗೂ ಬೆದರುವುದು, ಬಾಯಲ್ಲಿ ನೀರೂರುವುದು, ಮೈ ಸೋಲುವುದು ಎನ್ನುತ್ತದೆ. ‘ಬಯಸದೆಯೇ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಗರ್ಭಿಣಿ ಎರಡು ಹೃದಯದವಳು, ಆಕೆಯ ಆಸೆಗಳನ್ನು ಸಲ್ಲಿಸಬೇಕು ಎಂದೂ ಅಲ್ಲಿದೆ.

‘ಜೇನ್ ಏರ್’ ಕಾದಂಬರಿಯ ಶಾರ್ಲಟ್ ಬ್ರಾಂಟೆ 1854ರ ಜೂನ್‌ನಲ್ಲಿ ಮದುವೆಯಾಗಿ, 1855ರ ಮಾರ್ಚ್ 31ರಂದು 38 ವರ್ಷದವಳಾಗಿ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯವೆಂದು ಬರೆದಿದೆ. ಕೊನೆಯ ತಿಂಗಳುಗಳಲ್ಲಿ ಆಕೆಯನ್ನು ಕಾಡಿದ ನಿಲ್ಲದ ಓಕರಿಕೆಯನ್ನು ನೋಡಿದರೆ ಬಸಿರಿನ ಅತಿವಾಂತಿಯೇ ಕಾರಣವಿರಬೇಕೆಂದು ಅನೇಕರ ಅಭಿಪ್ರಾಯ. ರಕ್ತನಾಳದ ಮೂಲಕ ದ್ರವ ಕೊಡುವ ಉಪಾಯ ಆಗ ಬಳಕೆಯಲ್ಲಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮನೋವಿಶ್ಲೇಷಣೆಯ ಪ್ರಭಾವಕ್ಕೆ ಒಳಗಾದ ವೈದ್ಯರು, ಹೆಂಗಸು ಒಳಗೊಳಗೇ ಬಸಿರನ್ನು ಒಲ್ಲಳು, ಅದನ್ನೇ ಕಕ್ಕುತ್ತಾಳೆ ಎಂದು ವಾದಿಸಿದರು. ರೋಗಿಯನ್ನು ಒಂಟಿಯಾಗಿಟ್ಟು ನೆಂಟರನ್ನು ತಡೆಯುವುದೂ ಚಿಕಿತ್ಸೆಯೆನಿಸಿತು! ಎಷ್ಟು ಮಂದಿ ಹೆಣ್ಣುಮಕ್ಕಳು ಹೀಗೆ ಗೋಡೆ ನೋಡುತ್ತ ಮಲಗಿದ್ದರೋ.

ಮದ್ದು ಬಂದಾಗ ವಿಪತ್ತೂ ಬಂತು. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಗುಳಿಗೆಯಾಗಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಬಸಿರಿಯರ ಓಕರಿಕೆಗೂ ಕೊಟ್ಟರು. ಕೈಕಾಲು ಮೊಟಕಾದ ಶಿಶುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ಲೆಂಜ್, ಸಿಡ್ನಿಯ ಮೆಕ್‌ಬ್ರೈಡ್ ಎಚ್ಚರಿಸಿದ ಮೇಲೆ 1961ರ ಕೊನೆಗೆ ಅದನ್ನು ಹಿಂತೆಗೆದರು. ಅಷ್ಟರಲ್ಲಿ ಸುಮಾರು 10,000 ಮಕ್ಕಳು ಅದರ ಪಾಲಾಗಿದ್ದರು. ಅಮೆರಿಕೆಯಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸಾಕ್ಷ್ಯ ಸಾಲದೆಂದು ಹಟ ಹಿಡಿದು ಅನುಮತಿಯನ್ನೇ ಕೊಟ್ಟಿರಲಿಲ್ಲ.

ಆ ಭಯ ನಿರಪರಾಧಿಗೂ ತಟ್ಟಿತು. ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವ ಸೇರಿದ್ದ ಬೆಂಡೆಕ್ಟಿನ್ ಗುಳಿಗೆ 1956ರಿಂದ ಅಮೆರಿಕೆಯಲ್ಲಿ ಬಳಕೆಯಲ್ಲಿತ್ತು. ಮೊಕದ್ದಮೆಗಳ ಹೊಡೆತಕ್ಕೆ ತಯಾರಕರು 1983ರಲ್ಲಿ ಅದನ್ನು ನಿಲ್ಲಿಸಿದರು. ಕೂಸಿಗೆ ಊನವಾಗುತ್ತದೆಂಬುದು ಪರೀಕ್ಷೆಗಳಲ್ಲಿ ಸ್ಥಿರಪಡಲಿಲ್ಲ. ಅದೇ ಎರಡು ದ್ರವ್ಯಗಳ ಮದ್ದಿಗೆ ಅಲ್ಲಿ ಮತ್ತೆ ಅನುಮತಿ ಸಿಕ್ಕಿದ್ದು 2013ರಲ್ಲಿ. ನಮ್ಮ ವೈದ್ಯರೂ ಇದನ್ನು ಬರೆದುಕೊಡುವುದುಂಟು. ಸ್ವಲ್ಪಸ್ವಲ್ಪವಾಗಿ ಉಣ್ಣುವುದು, ಶುಂಠಿ, ಇವು ಹಲವರಿಗೆ ಹಿತ. ಆದರೆ ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ ಮನೆಮದ್ದನ್ನು ನೆಚ್ಚಿ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ‘ಬೆಳಗಿನ’ ಓಕರಿಕೆ ಎಂಬುದು ಹೆಸರಿಗೆ ಮಾತ್ರ. ಅದಕ್ಕೆ ಹಗಲು ಇರುಳೆಂಬ ಭೇದವಿಲ್ಲ.

ಇನ್ನು ಕಾರಣ. ಅಮೆರಿಕೆಯ ತಳಿವಿಜ್ಞಾನಿ ಮಾರ್ಲೀನಾ ಫೆಯ್ಜೋ 1999ರಲ್ಲಿ ಈ ಅತಿವಾಂತಿಯಿಂದ ಕೂಸನ್ನು ಕಳೆದುಕೊಂಡರು. ಮನೆಯವರ ಗಮನ ಸೆಳೆಯಲು ಹೀಗಾಡುತ್ತೀ ಎಂಬರ್ಥದ ಮಾತನ್ನು ವೈದ್ಯರೊಬ್ಬರಿಂದ ಕೇಳಬೇಕಾಯಿತು. ಆಕೆ ಹುಡುಕಾಟ ಬಿಡಲಿಲ್ಲ. ಕೇಂಬ್ರಿಜ್‌ನ ಸ್ಟೀಫನ್ ಒ’ರಾಹಿಲಿ ಮುಂತಾದವರೊಡನೆ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಶೋಧ ಇದು: ಜಿಡಿಎಫ್15 ಎಂಬ ಹಾರ್ಮೋನು ಗರ್ಭದ ಕಡೆಯಿಂದ ತಾಯಿಯ ರಕ್ತಕ್ಕೆ ಬಂದು ಮೆದುಳಿನ ಕಾಂಡವನ್ನು ಕೆಣಕುತ್ತದೆ. ಬಸಿರಿಗೆ ಮುಂಚೆ ಮೈಯಲ್ಲಿ ಅದು ಕಡಿಮೆಯಿದ್ದವರಿಗೆ ಸಂಕಟ ಹೆಚ್ಚು. ಥಲಸೀಮಿಯದಿಂದ ಮೊದಲೇ ಅದು ಹೆಚ್ಚಿರುವ ಹೆಂಗಸರಿಗೆ ಓಕರಿಕೆ ಬಹಳ ಕಡಿಮೆ. ಹಾಗಾದರೆ ಬಸಿರಿಗೆ ಮುನ್ನವೇ ಮೈಗೆ ಅದನ್ನು ರೂಢಿಮಾಡಿಸಬಹುದೇ ಎಂಬ ಪ್ರಶ್ನೆಯನ್ನು ಸಂಶೋಧಕರು ಈಗ ಕೈಗೆತ್ತಿಕೊಂಡಿದ್ದಾರೆ.