ಬೊಮ್ಮಸಂದ್ರದ ರೇವಾ: ಅಲ್ಪಾಯುಷಿ ಕಾರೊಂದರ ಚರಿತ್ರೆ

ವಸ್ತು ಸಂಸ್ಕೃತಿಯ ಅಧ್ಯಯನವು ವಾಹನವನ್ನು ಕೇವಲ ಯಂತ್ರವೆಂದು ಪರಿಗಣಿಸುವುದಿಲ್ಲ. ಅದು ರಾತ್ರಿ ಎಲ್ಲಿ ತಂಗುತ್ತದೆ, ಅದಕ್ಕೆ ಮೇವು ಎಲ್ಲಿಂದ ಒದಗುತ್ತದೆ, ಯಾವ ದಾರಿಗೆ ಅದು ಒಗ್ಗುತ್ತದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. ಎತ್ತಿನ ಬಂಡಿಯನ್ನು ಕೊಟ್ಟಿಗೆ, ಬಣವೆಗಳಿಂದ ಬೇರ್ಪಡಿಸಿ ಅರಿಯಲಾಗದು. ಎಲೆಕ್ಟ್ರಾನಿಕ್ ಸಿಟಿಯ ಆಚೆ, ಹೊಸೂರು ರಸ್ತೆಯ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ತಯಾರಾದ ರೇವಾ ವಿದ್ಯುತ್ ಕಾರಿನ ಚರಿತ್ರೆಗೂ ಈ ಮಾತು ಅನ್ವಯಿಸುತ್ತದೆ.

ಬೆಂಗಳೂರಿಗೆ ಪುಟ್ಟ ಕಾರಿನ ಪ್ರಯೋಗ ಹೊಸದೇನಲ್ಲ. 1980ರ ದಶಕದಲ್ಲಿ ಸಿಪಾನಿ ಸಂಸ್ಥೆಯು ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ, ಫೈಬರ್ ಗ್ಲಾಸ್ ಮೈಯ ಡಾಲ್ಫಿನ್ ಕಾರನ್ನು ತಯಾರಿಸಿತ್ತು. ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯು 1994ರಲ್ಲಿ ಮೈನಿ ಸಮೂಹ ಹಾಗೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಗಳ ಸಹಯೋಗದಲ್ಲಿ ಹುಟ್ಟಿತು. ಇದರ ರೂವಾರಿ ಚೇತನ್ ಮೈನಿ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೌರಶಕ್ತಿ ಕಾರಿನ ನಿರ್ಮಾಣದಲ್ಲಿ ತೊಡಗಿದ್ದವರು.

2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎರಡು ಬಾಗಿಲುಗಳ, ಇಬ್ಬರು ವಯಸ್ಕರಿಗೂ ಇಬ್ಬರು ಮಕ್ಕಳಿಗೂ ಸ್ಥಳವಿದ್ದ ವಾಹನ. ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ. ಸೀಟಿನಡಿ ಸೀಸ-ಆಮ್ಲ ಬ್ಯಾಟರಿಗಳು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಇದರ ಮೇವು ಮನೆಯ ಗೋಡೆಯ ಪ್ಲಗ್ಗಿನಲ್ಲಿಯೇ ಇತ್ತು. ಆದರೆ ರಸ್ತೆಯ ಬದಿಯಲ್ಲಿಯೇ ವಾಹನ ನಿಲ್ಲಿಸಬೇಕಾದವರಿಗೆ ಅದು ಎಟುಕುವಂತಿರಲಿಲ್ಲ. ಬೆಲೆಯೂ ಮಾರುತಿ 800 ಕಾರಿಗಿಂತ ಹೆಚ್ಚು. ಕಾರಿಗೆ ತಕ್ಕ ಕೊಟ್ಟಿಗೆ ಊರಿನಲ್ಲಿ ಸಿದ್ಧವಾಗಿರಲಿಲ್ಲ.

ಇದೇ ಕಾರಿಗೆ ಲಂಡನ್ ನಗರದಲ್ಲಿ ಬೇರೆ ಬಗೆಯ ಸ್ವಾಗತ ದೊರೆಯಿತು. ನಗರದ ಮಧ್ಯಭಾಗವನ್ನು ಪ್ರವೇಶಿಸುವ ವಾಹನಗಳಿಗೆ 2003ರಲ್ಲಿ ದಟ್ಟಣೆ ಶುಲ್ಕ ಜಾರಿಯಾಗಿದ್ದು, ವಿದ್ಯುತ್ ವಾಹನಗಳಿಗೆ ಅದರಿಂದ ವಿನಾಯಿತಿ ಇತ್ತು. 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ರೇವಾ ಅಲ್ಲಿ ಮಾರಾಟವಾಯಿತು. ಯುರೋಪಿನ ಕಾನೂನು ಅದನ್ನು ಕಾರೆಂದಲ್ಲದೆ ಕ್ವಾಡ್ರಿಸೈಕಲ್ ಎಂದು ವರ್ಗೀಕರಿಸಿದ್ದರಿಂದ ಕಾರುಗಳ ಕಠಿಣ ಅಪಘಾತ ಪರೀಕ್ಷೆಗಳು ಅದಕ್ಕೆ ಅನ್ವಯಿಸಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳು ಅದರ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆಗಳನ್ನೆತ್ತಿದವು. ಮಾರಾಟಕ್ಕೆ ನೆರವಾದ ವರ್ಗೀಕರಣವೇ ಟೀಕೆಗೂ ದಾರಿ ಮಾಡಿತು.

2010ರಲ್ಲಿ ಮಹೀಂದ್ರ ಸಂಸ್ಥೆಯು ಶೇ. 55ಕ್ಕೂ ಹೆಚ್ಚು ಪಾಲನ್ನು ಪಡೆಯಿತು. ಆ ವೇಳೆಗೆ ಹಲವು ದೇಶಗಳಲ್ಲಿ ಓಡುತ್ತಿದ್ದ ರೇವಾಗಳು ಸುಮಾರು 3,500. 2012ರಲ್ಲಿ ಬೊಮ್ಮಸಂದ್ರದಲ್ಲಿ ಹೊಸ ಕಾರ್ಖಾನೆ ಆರಂಭವಾಗಿ, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಕಾರು ಹೊರಬಂದಿತು. ಹಳೆಯ ರೇವಾ ಚರಿತ್ರೆಗೆ ಸೇರಿತು.

ಮಾರಾಟದ ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಇದು ಸೋಲಿನ ಕಥೆಯಾಗಿ ಕಾಣುತ್ತದೆ. ಒಂದೇ ವಾಹನವು ತಾನು ರೂಪುಗೊಂಡ ಊರಿನಲ್ಲಿ ಅಪರೂಪವಾಗಿ, ದೂರದ ನಗರವೊಂದರ ನಿತ್ಯದ ನೋಟವಾದುದು ಯಂತ್ರದ ಗುಣದೋಷಗಳಿಂದ ಮಾತ್ರವಲ್ಲ; ಶುಲ್ಕ, ಕಾನೂನು ಮತ್ತು ತಂಗುದಾಣಗಳಿಂದ. ಆದ್ದರಿಂದ ಬೊಮ್ಮಸಂದ್ರದ ಕಾರನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸುವುದಾದರೆ ಅದರ ಚಾರ್ಜಿಂಗ್ ವೈರನ್ನೂ, ಅದು ಓಡಿದ ಬೀದಿಗಳ ನಿಯಮಾವಳಿಯನ್ನೂ ಜೊತೆಗೆ ಇರಿಸುವುದು ಅಗತ್ಯ.